ಒಂದು ಕಪ್ ಶಿಯಾ ಬೆಣ್ಣೆಯ ತೂಕ

ಕುಡತಿನಿ ರಸ್ತೆಯ ವೇ ಬ್ರಿಡ್ಜಿನಲ್ಲಿ ಹದಿನೆಂಟು ವರ್ಷದಿಂದ ಲಾರಿ ತೂಗುತ್ತಿದ್ದ ಭೀಮರಾಜನಿಗೆ ಜಗತ್ತಿನಲ್ಲಿ ಸಹಿಸಲಾಗದ ವಸ್ತು ಒಂದೇ: ಹೆಂಡತಿಯ ಕಪ್ಪು. (ಕಣ್ಣಿಗೆ ಹಚ್ಚುವುದಲ್ಲ, ಚಹಾ ಕುಡಿಯುವುದು.)

ಹೆಂಡತಿ ನೇತ್ರಾ ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಲ್ಲಿ ಒಡೆದ ಹಿಮ್ಮಡಿಗೆ ಮುಲಾಮು ಮಾಡುತ್ತಿದ್ದಳು. ಆಫ್ರಿಕಾದ ಯಾವುದೋ ಮರದ ಬೀಜದಿಂದ ತೆಗೆದ ಶಿಯಾ ಬೆಣ್ಣೆಯನ್ನು ನೊರೆನೊರೆಯಾಗುವಂತೆ ಕಡೆದು, ನಾಲ್ಕು ಕಪ್ಪಿಗೆ ಒಂದು ಹಿಡಿ ಜೇನುಮೇಣ ಕರಗಿಸಿ ಸೇರಿಸುವುದು ಅವಳ ಕ್ರಮ. ಸಿರುಗುಪ್ಪದ ಗಂಗಕ್ಕನ ಮಹಿಳಾ ಸಂಘ ನಲವತ್ತು ಡಬ್ಬಿ ಕೇಳಿತ್ತು. ಭತ್ತದ ಗದ್ದೆಯಲ್ಲಿ ನಿಂತು ನಿಂತು ಕಾಲು ಬಿರಿದ ಹೆಂಗಸರು. ನೇತ್ರಾಳಿಗೆ ಇಷ್ಟು ದೊಡ್ಡ ಬೇಡಿಕೆ ಇದೇ ಮೊದಲು.

"ಲೇ ನೇತ್ರಾ, ಕಪ್ ಅಂದ್ರ ಅಂದಾಜು, ಗ್ರಾಂ ಅಂದ್ರ ಸತ್ಯ," ಎಂದ ಭೀಮರಾಜ. "ಒಂದ್ ಕಪ್ ಇನ್ನೂರನಲವತ್ತು ಎಂಎಲ್. ಅಂದ್ರ ಇನ್ನೂರನಲವತ್ತು ಗ್ರಾಂ. ಮುಗೀತು!"

"ಅದು ನೀರಿಗೆ ರೀ. ಒಂದ್ ಸೇರು ಅಕ್ಕಿ, ಒಂದ್ ಸೇರು ಮಂಡಕ್ಕಿ ಒಂದ ತೂಕ ಏನು? ಕಡದ ಬೆಣ್ಣಿ ಕಪ್ಪಿಗೆ ತುಂಬಿ ತೂಗಿ ನೋಡ್ರಿ."

"ತೂಗೋದ್ಯಾಕ? ತೂಕ ನನಗ ಬಾಯಿಪಾಠ ಐತಿ."

(ಲಾರಿಯವರ ಬಾಯಿಮಾತನ್ನು ಒಂದು ದಿನವೂ ನಂಬದವನು ಹೀಗೆಂದ.)

"ಕೈ ಮುಗೀತೀನಿ, ಅದನ್ನ ಮುಟ್ಟಬ್ಯಾಡ್ರಿ," ಎಂದು ಹೇಳಿ ನೇತ್ರಾ ತಂಗಿಯ ಮಗುವಿನ ತೊಟ್ಟಿಲು ಕಾರ್ಯಕ್ಕೆ ಕುರುಗೋಡಿನ ಬಸ್ಸಿಗೆ ಹೊರಟಳು.

ಅವಳು ಓಣಿ ದಾಟುವ ಮೊದಲೇ ಇವನು ಸೊಂಟಕ್ಕೆ ಟವೆಲು ಕಟ್ಟಿದ್ದ. ಕಪ್ಪೊಂದಕ್ಕೆ ಇನ್ನೂರನಲವತ್ತು ಗ್ರಾಮಿನಂತೆ ಗಟ್ಟಿ ಬೆಣ್ಣೆಯನ್ನೇ ತೂಗಿ, ಕಡೆಯದೆ ಡಬ್ಬಿಗೆ ತುಂಬಿದ. ನಾಲ್ಕು ಕಪ್ಪಿಗೆ ಮೇಣ ಮಾತ್ರ ಅದೇ ಒಂದು ಹಿಡಿ. ನಲವತ್ತು ಡಬ್ಬಿಗೆಂದು ತಂದ ಬೆಣ್ಣೆ ಇಪ್ಪತ್ತಕ್ಕೇ ಮುಗಿಯಿತು. 'ಅಯ್ಯೋ, ಇವಳು ಇಷ್ಟು ದಿನ ಜನರಿಗೆ ಗಾಳಿ ಮಾರಿದಳಲ್ಲ!' ಎಂದು ಧರ್ಮರಾಯನಂತೆ ನೊಂದುಕೊಂಡ. ಆ ಇಪ್ಪತ್ತು ಡಬ್ಬಿಯನ್ನು ಮಧ್ಯಾಹ್ನದ ಸಿರುಗುಪ್ಪ ಬಸ್ಸಿಗೆ ಹಾಕಿ ಬಂದ.

ಬಳ್ಳಾರಿಯ ಬಿಸಿಲಿಗೆ ಅಷ್ಟೇ ಸಾಕಾಯಿತು. ಮೇಣದ ಬಲ ಸಾಲದೆ ಮುಲಾಮು ದಾರಿಯಲ್ಲೇ ಎಣ್ಣೆಯಾಗಿ, ಡಬ್ಬಿಯಿಂದ ಸೋರಿ, ರಟ್ಟಿನ ಪೆಟ್ಟಿಗೆಯ ತಳವೇ ಕಳಚಿತು. ಸಂಜೆ ಗಂಗಕ್ಕನ ಫೋನು ಬಂದದ್ದು ಕುರುಗೋಡಿಗೆ, ತೊಟ್ಟಿಲ ಹಾಡಿನ ನಡುವೆ.

ನೇತ್ರಾ ಮನೆಗೆ ಬಂದವಳು ಕೂಗಾಡಲಿಲ್ಲ. ಅದೇ ಭಯಂಕರವಾಗಿತ್ತು. ತನ್ನ ಬಳಕೆಗೆ ಎತ್ತಿಟ್ಟಿದ್ದ ಬೆಣ್ಣೆ ಕಡೆದು, ಕಪ್ಪಿಗೆ ತುಂಬಿ, ತಕ್ಕಡಿಯ ಮೇಲಿಟ್ಟಳು. ನೂರಾಹದಿನೆಂಟು ಗ್ರಾಂ.

"ತಕ್ಕಡಿ ಕೆಟ್ಟೈತಿ..." ಎಂದ ಭೀಮರಾಜ.

"ಭಾನುವಾರ ಹೊಸಾ ನಲವತ್ತು ಡಬ್ಬಿ ತಗೊಂಡು ನೀವ ಹೋಗ್ರಿ. ತಪ್ಪಾತು ಅನ್ರಿ. ಹಚ್ಚೋದು ಹೆಂಗ ಅಂತ ತಿಳಿಸಿ ಬರ್ರಿ."

ಸಿರುಗುಪ್ಪದಲ್ಲಿ ನಲವತ್ತು ಹೆಂಗಸರ ಮುಂದೆ ಭೀಮರಾಜ ಕೈಮುಗಿದು ನಿಂತ. ತಪ್ಪೊಪ್ಪಿಗೆ ಹೇಗೋ ಮುಗಿಯಿತು. ಮುಂದಿನ ಸಾಲಿನ ಮುದುಕಿ ಜಡೆಮ್ಮ ಬಿರಿದ ಕಾಲು ಚಾಚಿ ಕೇಳಿದಳು:

"ಒಂದ್ ಕಾಲಿಗೆ ಎಷ್ಟು ಹಚ್ಚಬೇಕಪ್ಪಾ?"

ಒಂದೂವರೆ ಗ್ರಾಂ ಎನ್ನಲು ಬಾಯಿ ತೆರೆದ. ಮನೆಯ ತಕ್ಕಡಿ ಕಣ್ಣ ಮುಂದೆ ಬಂತು.

"ಒಂದ್... ಕಡ್ಲಿಕಾಳಿನಷ್ಟು ಸಾಕಮ್ಮ."

ಜಡೆಮ್ಮ ತಲೆಯಾಡಿಸಿದಳು. ಅವನು ನಿಟ್ಟುಸಿರು ಬಿಡುವಷ್ಟರಲ್ಲಿ ಮತ್ತೆ ಕೇಳಿದಳು:

"ಒಣ ಕಡ್ಲಿನೋ, ನೆನಸಿದ್ದೋ?"