ಶನಿವಾರದ ಮಿಸ್ಡ್ ಕಾಲ್

ನಮ್ಮ ಭಾವ ಯಾರ ಮನೆಗೆ ಹೋದರೂ ಕ್ಷೇಮ ಸಮಾಚಾರ ಕೇಳುವವರಲ್ಲ. ಬಾಗಿಲಲ್ಲೇ ನಿಂತು, "ನಿಮ್ಮನೇಲಿ ಎಷ್ಟು ಕಡ್ಡಿ?" ಎನ್ನುತ್ತಾರೆ. ವಾಷಿಂಗ್ಟನ್ ಪಕ್ಕದ ನಮ್ಮ ಫೇರ್‌ಫ್ಯಾಕ್ಸ್‌ಗೆ ಹೊಸದಾಗಿ ಬಂದ ಮೈಸೂರಿನ ದಂಪತಿ, ಪಾಪ, ಗಾಬರಿಯಾಗಿ ಊದುಕಡ್ಡಿಯ ಪ್ಯಾಕೆಟ್ಟನ್ನೇ ತಂದುಕೊಟ್ಟಿದ್ದರು! ಭಾವ ಕೇಳಿದ್ದು ಮೊಬೈಲಿನ ಸಿಗ್ನಲ್ ಕಡ್ಡಿ.

ಭಾವನ ತಪ್ಪೇನೂ ಇಲ್ಲ ಬಿಡಿ. ವಾಷಿಂಗ್ಟನ್ನಿನ ಆಫೀಸಿನಲ್ಲಿ ಕೂತು, ಆಫ್ರಿಕಾದ ಮಲಾವಿ ದೇಶದಲ್ಲಿ ಎಲ್ಲೆಲ್ಲಿ ಮೊಬೈಲ್ ಟವರು ನಿಲ್ಲಿಸಬೇಕೆಂದು ಹೇಳುವುದೇ ಅವರ ಕೆಲಸ. ಆಗಾಗ ಅಲ್ಲಿಗೆ ಹೋಗಿಯೂ ಬರುತ್ತಿದ್ದರು. ಅಲ್ಲಿದ್ದದ್ದು ಎರಡು ಕಂಪನಿ. ಒಂದು ಸಿಕ್ಕ ಕಡೆ ಇನ್ನೊಂದು ಸಿಗದು. ಹಾಗಾಗಿ ಅಲ್ಲಿಯವೆರಡು, ಇಲ್ಲಿಯದೊಂದು, ಸೊಂಟಕ್ಕೆ ಮೂರು ಫೋನು! ಮನೆಯ ಬೇಸ್‌ಮೆಂಟಿನಲ್ಲಿ ಒಂದು ಕಡ್ಡಿಯೂ ಬರದಿದ್ದಾಗ, ಮಲಾವಿಯ ಸರೋವರದ ದಂಡೆಯಲ್ಲಿ ಮೀನು ಒಣಗಿಸುವವರಿಗೂ ನಾಲ್ಕು ಬರುತ್ತದೆಂದು ಅಮೆರಿಕಾದ ಮಾನ ಕಳೆಯುತ್ತಿದ್ದರು.

ಆ ದಂಡೆಯ ಹಳ್ಳಿಯೊಂದರಲ್ಲಿ, ಟವರಿನ ಬುಡದಲ್ಲೇ ಒಬ್ಬ ಹೆಂಗಸಿನ ಅಂಗಡಿ. ಊರಿನವರಿಗೆಲ್ಲ ತನ್ನ ಒಂದೇ ಮೊಬೈಲಿನಿಂದ ಕಾಲ್ ಮಾಡಲು ಕೊಡುವುದೇ ಅವಳ ವ್ಯಾಪಾರ. ಟವರು ನಡೆಯುತ್ತಿದ್ದದ್ದು ಡೀಸೆಲ್ ಜನರೇಟರಿನಿಂದ. ಡೀಸೆಲ್ ಮುಗಿದು ಟವರು ಮಲಗಿದ್ದರೂ ರಿಪೋರ್ಟಿನಲ್ಲಿ ಮಾತ್ರ ಎಲ್ಲ ಸುಸೂತ್ರ! ಅದಕ್ಕೇ ಭಾವ ಅವಳೊಂದಿಗೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿದ್ದರು: ಶನಿವಾರ ಶನಿವಾರ ಒಂದು ಮಿಸ್ಡ್ ಕಾಲ್. ಎರಡು ರಿಂಗ್ ಬಂದರೆ ಟವರು ಕ್ಷೇಮ. ಇವರು ಎತ್ತುವಂತಿಲ್ಲ.

ಒಮ್ಮೆ ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಮಂಗಳಾರತಿಗೆ ಸರಿಯಾಗಿ ಎರಡು ರಿಂಗ್ ಬಂತು. ಭಾವ ಕಣ್ಣು ಮುಚ್ಚಿ ಕೈಮುಗಿದು, "ಡೀಸೆಲ್ ಇದೆ," ಎಂದರು. ಪುರೋಹಿತರು ಅದೂ ಒಂದು ಮಂತ್ರವೆಂಬಂತೆ ತೀರ್ಥ ಕೊಟ್ಟರು.

ಹೀಗಿರಲು ಒಂದು ಶನಿವಾರ ರಿಂಗ್ ಬರಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಭಾವನೇ ಕಾಲ್ ಮಾಡಿದರೆ ಯಾರೂ ಎತ್ತಲಿಲ್ಲ. ಅಲ್ಲಿನ ಎಂಜಿನಿಯರೊಬ್ಬರನ್ನು ಹಳ್ಳಿಗೇ ಕಳಿಸಿದರು. ಟವರು ಚೆನ್ನಾಗಿದೆ, ಅಂಗಡಿ ಮುಚ್ಚಿದೆ, ಅವಳು ಪಟ್ಟಣದ ಆಸ್ಪತ್ರೆಗೆ ಹೋಗಿದ್ದಾಳಂತೆ ಎಂಬ ಉತ್ತರ ಬಂತು. ಸದ್ಯ, ಟವರು ಸರಿ ಇದೆಯಲ್ಲ ಎಂದು ಅಕ್ಕ ಸಮಾಧಾನ ಹೇಳಿದಳು.

"ಟವರಿಗೇನು ದಾಡಿ? ಅವಳಿಗೇನಾಯ್ತೇ?" ಎಂದ ಭಾವ ಅವತ್ತು ಸರಿಯಾಗಿ ಊಟ ಮಾಡಲಿಲ್ಲ.

ಮೂರನೆಯ ಶನಿವಾರ ಬೆಳಿಗ್ಗೆ ನಾನೂ ಅಕ್ಕನ ಅಡುಗೆಮನೆಯಲ್ಲಿದ್ದೆ. ಫೋನು ಎರಡು ರಿಂಗಾಯಿತು, ಮೂರಾಯಿತು, ನಿಲ್ಲಲಿಲ್ಲ. ಭಾವ ಎತ್ತಿದರು. ಫೋನನ್ನು ಕಿವಿಗೆ ಒತ್ತಿ ಹಿಡಿದರು. ಆಮೇಲೆ ನಮ್ಮ ಕಡೆ ತಿರುಗಿ, ಕಣ್ಣೊರೆಸಿಕೊಂಡು, "ಅವಳಿಗೆ ಹೆಣ್ಣು ಮಗುವಂತೆ. ಅಳೋದು ಎಷ್ಟು ಕ್ಲಿಯರ್ ಆಗಿ ಕೇಳಿಸ್ತಿದೆ," ಎಂದರು.

ಅಕ್ಕ ಒಲೆ ಆರಿಸಿದಳು. "ಬಾಣಂತಿ ಹೇಗಿದಾಳೆ, ಕೇಳಿದ್ರಾ?"

ಕೇಳಿರಲಿಲ್ಲ. ಅಕ್ಕ ಅವರ ಕೈಯಿಂದ ಫೋನು ತೆಗೆದುಕೊಂಡು, ಕುರ್ಚಿ ಎಳೆದು ಕೂತು, ತಾನೇ ಮಾತಿಗೆ ತೊಡಗಿದಳು.