ಮಾವನ ಆರ್ಕಿಡ್ ಚಾಟಣಿ

ನನ್ನ ಸೋದರಮಾವನಿಗೆ ಗಿಡದ ಬಗ್ಗೆ ಸಲಹೆ ಕೊಡುವ ಧೈರ್ಯವಂತ ಅಥಣಿ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ! ಜೀವಮಾನವೆಲ್ಲ ದ್ರಾಕ್ಷಿ ಬೆಳೆದವನಿಗೆ ಬುದ್ಧಿ ಹೇಳುವುದೆಂದರೆ ಹುಡುಗಾಟವೇ?

ಅತ್ತೆ ಹಾಸಿಗೆ ಹಿಡಿದಾಗ ಮಾವ ನಿಪ್ಪಾಣಿಯ ನರ್ಸರಿಯಿಂದ ನೇರಳೆ ಹೂವಿನ ಆರ್ಕಿಡ್ ತಂದು ಅವಳ ಕಿಟಕಿಯಲ್ಲಿಟ್ಟ. ಗಂಜಿ ಕುಡಿಯಲೂ ತಲೆ ಎತ್ತದವಳು ಹೂವು ನೋಡಲು ದಿಂಬಿಗೊರಗಿ ಕೂತಳು. ನರ್ಸರಿಯಲ್ಲಿ ಗಿಡ ಮಾರಿದ ಹುಡುಗಿ ಆರೈಕೆ ಹೇಳಲು ಬಂದಿದ್ದಳಂತೆ. "ತಂಗಿ, ನಿನ್ನ ವಯಸ್ಸ ಎಷ್ಟೈತಿ, ಅಷ್ಟ ಚಾಟಣಿ ಮಾಡೀನಿ ನಾ," ಎಂದು ಮಾವ ಬಾಯಿ ಮುಚ್ಚಿಸಿ ಬಂದಿದ್ದ. ಚಾಟಣಿ ಎಂದರೆ ದ್ರಾಕ್ಷಿಬಳ್ಳಿಗೆ ಕತ್ತರಿ ಹಾಕುವುದು.

ಎರಡು ತಿಂಗಳಿಗೆ ಹೂವೆಲ್ಲ ಉದುರಿದವು. ಅತ್ತೆ ಗೋಡೆಯ ಕಡೆ ಹೊರಳಿದಳು. ಮಾವ ಕಂಗಾಲು! ಮಾರಿದವಳೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕೇಳಿದ. ಗೊಬ್ಬರದಂಗಡಿಯವನು ದ್ರಾಕ್ಷಿಗೆ ಹಾಕುವ ಪುಡಿಯನ್ನೇ ಕೊಟ್ಟ. ಶಿರಗುಪ್ಪಿಯಲ್ಲಿ ಕಬ್ಬು ಬೆಳೆಯುವ ಬೀಗರು ಗಾಳಿಯಲ್ಲಿ ಜೋತ ಬೇರು ನೋಡಿ, "ಬೇರ ಹೊರಗ ಬಿಟ್ಟೀರಲ್ರಿ ಬೀಗರ, ನೋಡಿದವ್ರ ಏನಂದಾರು?" ಎಂದು ಎರೆಮಣ್ಣು ತುಂಬಿಸಿದರು. ಕೊನೆಗೆ ಮಾವನೇ ಚಾಟಣಿ ಮಾಡಿದ. ಆರು ಎಲೆಗಳಲ್ಲಿ ಎರಡು ಉಳಿದವು!

"ಚಿಗೀತೈತೇನ್ರಿ ಮಾವಾ?"

"ಹದಿನೈದ ದಿನ ತಡಿ."

ಹದಿನೈದನೆಯ ದಿನ ಉಳಿದೆರಡರಲ್ಲಿ ಒಂದು ಹಳದಿಯಾಯಿತು.

ನಾನೇ ನರ್ಸರಿಗೆ ಫೋನ್ ಹಚ್ಚಿ ಮಾವನ ಕೈಗಿಟ್ಟೆ. ಅಂಗಡಿಯಲ್ಲಿ 'ತಂಗಿ' ಆಗಿದ್ದವಳು ಫೋನಿನಲ್ಲಿ 'ಅಕ್ಕಾರ' ಆದಳು! ಮಾವ ತಪ್ಪೆಲ್ಲ ಒಪ್ಪಿಕೊಂಡ. ಅವಳು ಒಂದು ಮಾತೂ ಬೈಯದೆ ಹೇಳಿದಳು: ಮಣ್ಣು ತೆಗೆಯಿರಿ, ತೊಗಟೆಯ ಚೂರಿನಲ್ಲಿಡಿ, ವಾರಕ್ಕೊಮ್ಮೆ ನೀರು ಸಾಕು. ಹೂವು ಉದುರುವುದು ರೋಗವಲ್ಲ, ಗಿಡ ದಣಿವಾರಿಸಿಕೊಳ್ಳುತ್ತದೆ.

"ಮತ್ತ ಹೂ ಯಾವಾಗ ಬರ್ತಾವ್ರಿ?"

"ಬದುಕಿದ್ರ ಒಂದ ವರ್ಷಾರ ಬೇಕ್ರಿ ಕಾಕಾ."

ಮಾವ ಪಿಸುಗುಟ್ಟಿದ. ಅವನ ಪಿಸುಮಾತೂ ಓಣಿಗೆಲ್ಲ ಕೇಳುತ್ತದೆ, ಏನು ಮಾಡುವುದು! "ವರ್ಷ ಭಾಳ ಆತ್ರಿ ಅಕ್ಕಾರ. ನಮ್ಮ ಮನಿಯಾಕಿಗೆ ಡಾಕ್ಟರ್ ಅಷ್ಟ ದಿನಾ ಹೇಳಿಲ್ರಿ."

ಒಳಗಿನಿಂದ ಅತ್ತೆಯ ದನಿ: "ವರ್ಷಂದ್ರ ವರ್ಷ. ಕಾಯೂಣು. ಆ ಗಿಡಾ ಇತ್ತಾಗ ತರ್ರಿ, ಮಣ್ಣ ನಾ ತಗೀತೀನಿ."

ಎದ್ದು ಕೂತು ಒಂದೊಂದೇ ಬೇರಿನ ಮಣ್ಣು ಬಿಡಿಸತೊಡಗಿದಳು. ಮಾವ ಎರಡೂ ಕೈಯಲ್ಲಿ ಗಿಡ ಹಿಡಿದು ಮಂಚದ ಅಂಚಿಗೆ ಕೂತಿದ್ದ. ಕಣ್ಣೀರು ಗಲ್ಲಕ್ಕಿಳಿದಿತ್ತು.

"ಕೈ ನಡಗಸಬ್ಯಾಡ್ರಿ," ಅತ್ತೆ ಗದರಿದಳು, "ಬೇರ ಹರೀತಾವು."