ಕಾರಿನ ಎಣ್ಣೆ ಕುಡಿದ ಗಾಡಿ

ಜಗತ್ತಿನ ಯಾವ ವಿಷಯದಲ್ಲಾದರೂ ನನಗೆ ಬುದ್ಧಿ ಹೇಳಿ, ಕೇಳುತ್ತೇನೆ. ಉಪ್ಪು ಕಡಿಮೆ ತಿನ್ನು ಎಂದರೆ, ಹೇಳಿದವರು ಎದುರಿಗಿರುವಷ್ಟು ಹೊತ್ತು ಕಡಿಮೆ ತಿನ್ನುತ್ತೇನೆ. ಹೊಲಕ್ಕೆ ತೊಗರಿ ಹಾಕು ಎಂದರೆ ತಲೆಯಾಡಿಸುತ್ತೇನೆ, ಹೆಸರು ಹಾಕು ಎಂದರೆ ಅದಕ್ಕೂ ಆಡಿಸುತ್ತೇನೆ. ತಲೆಯಾಡಿಸಿದರೆ ಕುತ್ತಿಗೆಗೆ ವ್ಯಾಯಾಮ. ಆದರೆ ನನ್ನ ಗಾಡಿಯ ಇಂಜಿನ್ನಿಗೆ ಯಾವ ಎಣ್ಣೆ ಹಾಕಬೇಕು, ಯಾವಾಗ ಬದಲಿಸಬೇಕು ಎಂದು ಯಾರಾದರೂ ಬಾಯಿ ತೆರೆದರೆ ಮಾತ್ರ ನನ್ನ ಕಿವಿ ತಾನೇ ಮುಚ್ಚಿಕೊಳ್ಳುತ್ತದೆ. ಇದನ್ನು ಮೊಂಡುತನ ಎನ್ನುವವರಿದ್ದಾರೆ. ಅವರಲ್ಲಿ ಮೊದಲನೆಯವಳು ನನ್ನ ಹೆಂಡತಿ ಶರಣಮ್ಮ. ಅನ್ನಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕಲ್ಲು ಒಡೆದು, ಕಲ್ಲು ಹೊತ್ತು, ಕೊನೆಗೆ ರಾವೂರಿನ ಹತ್ತಿರ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ನನ್ನದೇ ಮಷೀನು ಹಾಕಿದವನು ನಾನು. ಬೇರೆಯವರ ಮಾತು ಕೇಳಿದ್ದರೆ ಇವತ್ತಿಗೂ ಇನ್ನೊಬ್ಬರ ಖಣಿಯಲ್ಲಿ ಸುತ್ತಿಗೆ ಹಿಡಿದಿರುತ್ತಿದ್ದೆ.

ಗಾಡಿಯ ಬಗ್ಗೆ ಮೊದಲು ಹೇಳಬೇಕು. ನನ್ನದು ಡರ್ಟ್ ಬೈಕ್. ಮಣ್ಣು, ಕಲ್ಲು, ತಗ್ಗು, ದಿಬ್ಬ ಎಲ್ಲದರಲ್ಲೂ ಓಡಲೆಂದೇ ಮಾಡಿದ ಎತ್ತರದ ಗಾಡಿ. ಟಿ.ವಿ.ಯಲ್ಲಿ ಇಂಥ ಗಾಡಿಗಳ ಮೇಲೆ ಹುಡುಗರು ಗಾಳಿಯಲ್ಲಿ ಹಾರುವುದನ್ನು ನೀವು ನೋಡಿರಬಹುದು. ನಾನು ಹಾರುವುದಿಲ್ಲ. ನಾನು ಖಣಿಗೆ ಇಳಿಯುತ್ತೇನೆ, ಏರುತ್ತೇನೆ. ವಾಡಿ, ಶಹಾಬಾದ ಕಡೆಯ ಖಣಿಗಳ ದಾರಿ ಕಂಡವರಿಗೆ ಹಾರುವುದೇ ಸುಲಭ ಎನಿಸುತ್ತದೆ. ಬಂಗಲೆ ಕಟ್ಟಿಸುವವರು ಒಂದೇ ಬಣ್ಣದ ಫರಸಿ ಬೇಕೆನ್ನುತ್ತಾರೆ, ನಾನು ಆ ಬಣ್ಣ ಹುಡುಕಿಕೊಂಡು ಸೇಡಂನಿಂದ ಚಿತ್ತಾಪುರದವರೆಗೆ ಖಣಿ ಖಣಿ ಅಲೆಯುತ್ತೇನೆ. ಸಾದಾ ಗಾಡಿಗಳು ಈ ಕೆಲಸದಲ್ಲಿ ನನ್ನ ಕೆಳಗೆ ಒಂದಾದ ಮೇಲೊಂದು ಪ್ರಾಣ ಬಿಟ್ಟವು. ಆಗ ಇದನ್ನು ತಂದೆ. ಓಣಿಯವರು ಇದಕ್ಕೆ ಒಂಟೆ ಎಂದು ಹೆಸರಿಟ್ಟರು. ಶರಣಮ್ಮ ಹಿಂದೆ ಕೂರಬೇಕಾದರೆ ನಾನು ಗಾಡಿಯನ್ನು ಮನೆಯ ಕಟ್ಟೆಗೆ ಒತ್ತಿ ನಿಲ್ಲಿಸಬೇಕು. ಅವಳು ಕಟ್ಟೆಯ ಮೇಲೆ ನಿಂತು, ಸೀರೆ ಸರಿಮಾಡಿಕೊಂಡು, ದೇವರ ಹೆಸರು ಹೇಳಿ, ನನ್ನ ಹೆಗಲಿನ ಮೇಲೆ ತನ್ನ ಇಡೀ ಭಾರ ಹಾಕಿ ಹತ್ತುತ್ತಾಳೆ. ಕಟ್ಟೆ ಇಲ್ಲದ ಊರಿನಲ್ಲಿ ಇಳಿದರೆ ಮುಗಿಯಿತು, ಮತ್ತೆ ಹತ್ತುವುದು ಆಗದ ಮಾತು.

ಇನ್ನು ಎಣ್ಣೆ. ಈ ಗಾಡಿಯ ಹೊಟ್ಟೆ ಚಿಕ್ಕದು, ಒಂದು ಲೀಟರಿನ ಮೇಲೆ ಸ್ವಲ್ಪ ಹಿಡಿಯುತ್ತದೆ, ಅಷ್ಟೆ. ಕುಡಿಯುವುದು ಕಡಿಮೆ, ದುಡಿಯುವುದು ಹೆಚ್ಚು. ಹೀಗಾಗಿ ಮೇಲಿಂದ ಮೇಲೆ ಬದಲಿಸಬೇಕು, ಅದರಲ್ಲೂ ಸುಣ್ಣದ ಕಲ್ಲಿನ ಧೂಳು ಅಕ್ಕಿಹಿಟ್ಟಿನ ಹಾಗೆ ಹಾರುವ ನಮ್ಮ ಕಡೆ. ಬದಲಿಸುವುದು ನಾನೇ. ಒಂದಿಷ್ಟು ದೂರ ಓಡಿಸಿ ಇಂಜಿನ್ ಬೆಚ್ಚಗೆ ಮಾಡಿಕೊಂಡು ಬಂದು, ಅಡಿಯ ಬೋಲ್ಟು ಬಿಚ್ಚಿ, ಕೆಳಗೆ ಪರಾತ ಇಡುತ್ತೇನೆ. ಮೊದಲ ಸಲ ಇಟ್ಟ ಪರಾತ ಶರಣಮ್ಮ ಹಿಟ್ಟು ನಾದುವಂಥದ್ದು. ಆ ದಿನ ಮನೆಯಲ್ಲಿ ರೊಟ್ಟಿ ಆಗಲಿಲ್ಲ, ಮಾತೂ ಆಗಲಿಲ್ಲ. ಮರುದಿನ ಶಹಾಬಾದಿನ ಸಂತೆಯಿಂದ ಹೊಸ ಪರಾತ ಬಂತು, ಹಳೆಯದು ಶಾಶ್ವತವಾಗಿ ನನ್ನದಾಯಿತು. ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇರುವ ಏಕೈಕ ಪಾತ್ರೆ ಅದು.

ನಾನು ಎಣ್ಣೆ ಬದಲಿಸುವುದು ನನ್ನೊಬ್ಬನ ಕಾರ್ಯಕ್ರಮವೂ ಅಲ್ಲ. ತೆಗೆದ ಕರಿ ಎಣ್ಣೆಗೆ ನಮ್ಮ ಓಣಿಯಲ್ಲಿ ಪಾಳಿ ಇದೆ. ಪಕ್ಕದ ಮನೆಯ ಭೀಮಶ್ಯಾನಿಗೆ ಸೆಂಟ್ರಿಂಗ್ ಕೆಲಸ. ಮನೆಗಳ ಮೇಲ್ಛಾವಣಿಗೆ ಛತ್ತು ಹಾಕುವಾಗ ಸಿಮೆಂಟು ಅಂಟಬಾರದೆಂದು ತಗಡಿನ ಪ್ಲೇಟುಗಳಿಗೆ ಅವನು ಈ ಎಣ್ಣೆ ಬಳಿಯುತ್ತಾನೆ. ಎದುರು ಮನೆಯ ಮುದುಕಿ ದನದ ಕೊಟ್ಟಿಗೆಯ ಕಂಬಕ್ಕೆ ಗೆದ್ದಲು ಹತ್ತದಿರಲೆಂದು ಒಯ್ಯುತ್ತಾಳೆ. ಬೆಳಗ್ಗೆ ನಾನು ಗಾಡಿ ಒರೆಸುತ್ತಿದ್ದರೆ ಸಾಕು, ಭೀಮಶ್ಯಾ ಗೋಡೆಯ ಮೇಲಿಂದ ಇಣುಕುತ್ತಾನೆ.

"ಕಾಕಾ, ಎಣ್ಣಿ ಕರ್ರಗ ಆಗಿರಬೇಕಲ್ಲ? ನಾಳಿಗಿ ಒಂದ್ ಛತ್ತದ."

"ಆಗಿಲ್ಲೋ. ಇನ್ನೂ ಓಡ್ತದ."

"ಭಾಳ ದಿನ ಬಿಡಬ್ಯಾಡ ಕಾಕಾ, ಇಂಜಿನ್ ಹಾಳಾಗ್ತದ." ಅವನಿಗೆ ನನ್ನ ಇಂಜಿನ್ನಿನ ಬಗ್ಗೆ ಎಷ್ಟು ಕಾಳಜಿ ನೋಡಿ!

ಈಗ ಮುಖ್ಯ ಸಂಗತಿ. ಶರಣಮ್ಮನ ತವರು ಚಿಂಚೋಳಿ ಕಡೆಯ ಗುಡ್ಡದ ಮೇಲಿನ ಊರು. ಅವಳ ತಮ್ಮ ಮಲ್ಲುವಿನ ಹೆಂಡತಿಯ ಕುಬಸಕ್ಕೆ, ಎಂದರೆ ಸೀಮಂತಕ್ಕೆ, ದಿನ ಗೊತ್ತಾಯಿತು. ಬಸುರಿಗೆ ಮೊದಲ ಉಡಿ ತುಂಬಬೇಕಾದವಳು ಮನೆಮಗಳಾದ ಶರಣಮ್ಮ. ಕಾಳಗಿಯಿಂದ ಮುಂದೆ ಬಸ್ಸಿನದು ಭರವಸೆ ಇಲ್ಲ. ಗಾಡಿಯ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅವಳು ಬಹಳ ದಿನದಿಂದ ಸ್ಕೂಟಿಯ ಜಪ ಮಾಡುತ್ತಿದ್ದವಳು, ಸಮಯ ನೋಡಿ ಪಟ್ಟು ಹಾಕಿದಳು.

"ಆಗಲಿ, ನಿಮ್ ಒಂಟಿ ಮ್ಯಾಲೇ ಬರ್ತೀನಿ. ನಡುವ ಕೈ ಕೊಡದಂಗ ಉಡಿ ತುಂಬೂ ಹೊತ್ತಿಗಿ ಮುಟ್ಟಿಸಿದ್ರ ಗಾಡಿ ಇರಲಿ, ನಾ ಮತ್ತ ಸ್ಕೂಟಿ ಹೆಸರೇ ತೆಗ್ಯಂಗಿಲ್ಲ. ಕೈ ಕೊಡ್ತಂದ್ರ ಇದನ್ನ ಕೊಟ್ಟು ಸ್ಕೂಟಿ ತರಬೇಕು. ಒಪ್ಪೀರಿ?"

ಒಪ್ಪಿದೆ. ಕೊಟ್ಟ ಮಾತಿಗೆ ತಪ್ಪುವ ಮನುಷ್ಯ ನಾನಲ್ಲ. ಆದ್ದರಿಂದಲೇ ಗಾಡಿ ತಪ್ಪಬಾರದಾಗಿತ್ತು. ಇಂಥ ಪ್ರಯಾಣಕ್ಕೆ ಮಾಮೂಲಿ ಎಣ್ಣೆ ಸಾಲದು, ಶ್ರೇಷ್ಠವಾದದ್ದೇ ಬೇಕು ಎಂದು ಶಹಾಬಾದಿಗೆ ಹೋದೆ. ಅಲ್ಲಿ ಖಾಜಾ ಎಂಬ ಮಿಸ್ತ್ರಿಯ ಗ್ಯಾರೇಜು ಇದೆ, ಪಕ್ಕದಲ್ಲೇ ಅವನದೇ ಎಣ್ಣೆಯ ಅಂಗಡಿ. ಮೇಲಿನ ಸಾಲಿನಲ್ಲಿ ಬಂಗಾರದ ಬಣ್ಣದ ಒಂದು ದೊಡ್ಡ ಡಬ್ಬ ಕುಳಿತಿತ್ತು. ಅಂಗಡಿಯಲ್ಲೆಲ್ಲ ಅದೇ ತುಟ್ಟಿ. ಅದನ್ನು ಕೊಡು ಎಂದೆ.

"ಅರೇ ಸಾವಕಾರ್, ಅದು ಕಾರಿಂದು," ಎಂದ ಖಾಜಾ.

"ಯಾಕ, ನನ್ನ ಗಾಡಿ ಕಾರಕಿಂತ ಕಡಿಮಿ ದುಡೀತದೇನು?"

"ದುಡಿಯೂದಿಲ್ಲ ಅಂದೆನೇನ್ರಿ? ಕಾರಿನ್ಯಾಗ ಎಣ್ಣಿ ಬ್ಯಾರೆ ಮನ್ಯಾಗ ಇರ್ತದ, ಕ್ಲಚ್ ಬ್ಯಾರೆ ಮನ್ಯಾಗ. ನಿಮ್ ಗಾಡ್ಯಾಗ ಎರಡೂ ಒಂದೇ ಮನ್ಯಾಗ ಸಂಸಾರ ಮಾಡ್ತಾವ. ಈ ಎಣ್ಣಿ ಭಾಳ ಜಾರ್ತದ. ಕ್ಲಚ್ ಪ್ಲೇಟಿಗಿ ಹಿಡಿತಾನೇ ಸಿಗಂಗಿಲ್ಲ."

ನನಗೆ ನಗು ಬಂತು. ಎಣ್ಣೆ ಎಂದರೆ ಜಾರಲೇಬೇಕು. ಜಾರದಿದ್ದರೆ ಅದಕ್ಕೆ ಅಂಟು ಎನ್ನುತ್ತಾರೆ. ಹಾಗೆಂದು ಅವನಿಗೆ ಹೇಳಿಯೂ ಬಿಟ್ಟೆ. ಖಾಜಾ ಹಣೆ ಬಡಿದುಕೊಂಡು, "ಗಾಡಿ ನಿಮ್ದು, ಗುಡ್ಡ ನಿಮ್ದು, ಬೀಬಿ ನಿಮ್ದು. ನಂದೇನದ?" ಎಂದು ಡಬ್ಬ ಇಳಿಸಿಕೊಟ್ಟ. ಹೊಸ ಎಣ್ಣೆ ಸುರಿಯುವಾಗ ಅದರ ಬಣ್ಣವೇ ಬಣ್ಣ, ಜೇನುತುಪ್ಪದಂತೆ ಇಳಿಯಿತು. ಗಾಡಿಯ ಹೊಟ್ಟೆ ತುಂಬಿಯೂ ಡಬ್ಬದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಮುಚ್ಚಳ ಬಿಗಿದು ಅಟ್ಟದ ಮೇಲಿಟ್ಟೆ. ಚಾಲೂ ಮಾಡಿದರೆ ಇಂಜಿನ್ನಿನ ಸಪ್ಪಳವೇ ಬೇರೆ, ತಾಂಬೂಲ ಹಾಕಿಕೊಂಡವರ ಮಾತಿನಂತೆ ಮೆತ್ತಗೆ.

ಕುಬಸದ ದಿನ ಶರಣಮ್ಮ ಇಳಕಲ್ಲ ಸೀರೆ ಉಟ್ಟು, ಕಟ್ಟೆಯ ಮೇಲಿಂದ ಗಾಡಿ ಹತ್ತಿ, ಶೇಂಗಾ ಹೋಳಿಗೆಯ ಚೀಲ ಮಡಿಲಲ್ಲಿ ಇಟ್ಟುಕೊಂಡಳು. ಚಿತ್ತಾಪುರ ದಾಟುವವರೆಗೆ ಗಾಡಿ ನೀರಿನ ಮೇಲೆ ಹೋದಂತೆ ಹೋಯಿತು. ಕಾಳಗಿ ಬರುವಷ್ಟರಲ್ಲಿ ಅವಳು, "ರೀ, ಸಪ್ಪಳ ಏನೋ ಬ್ಯಾರೆ ಆಗ್ಯಾದಲ್ಲ?" ಎಂದು ಶುರು ಮಾಡಿದಳು.

"ಗಾಡಿ ನಡಸವರ ಸಂಗಾಟ ಮಾತಾಡಬಾರದು," ಎಂದೆ. ಇದು ನಾನು ಮದುವೆಯಾದಾಗಿನಿಂದ ಪಾಲಿಸಿಕೊಂಡು ಬಂದ ನಿಯಮ, ಎಂದರೆ ಅವಳಿಂದ ಪಾಲನೆ ಮಾಡಿಸಿಕೊಂಡು ಬಂದದ್ದು.

ಸಪ್ಪಳ ಬೇರೆಯಾಗಿದ್ದದ್ದು ನಿಜ. ನಾನು ಕಿವಿ ಹರಿದುಹೋಗುವಂತೆ ರೇಸ್ ಕೊಡುತ್ತಿದ್ದೆ, ಇಂಜಿನ್ನು ಉತ್ಸಾಹದಿಂದ ಕೂಗುತ್ತಿತ್ತು, ಆದರೆ ಆ ಉತ್ಸಾಹ ಹಿಂದಿನ ಗಾಲಿಗೆ ತಲುಪುತ್ತಿರಲಿಲ್ಲ. ಅವಳ ತವರಿನ ಗುಡ್ಡದ ಏರು ಶುರುವಾಯಿತು. ಇಂಜಿನ್ನು ಇನ್ನೂ ಜೋರಾಗಿ ಕೂಗಿತು, ಗಾಡಿ ಇನ್ನೂ ನಿಧಾನವಾಯಿತು. ತೊಗರಿ ಕಟ್ಟಿಗೆ ಹೇರಿದ ಟ್ರ್ಯಾಕ್ಟರು ನಮ್ಮನ್ನು ದಾಟಿತು. ಆಮೇಲೆ ಎರಡು ಎಮ್ಮೆಗಳು ನಮ್ಮನ್ನು ದಾಟಿದವು, ಅವೂ ಅವಸರದಲ್ಲಿರಲಿಲ್ಲ. ಸುಟ್ಟ ವಾಸನೆ ಬಂತು. ಏರಿನ ನಡುವೆ, ಒಂದು ಮೈಲುಗಲ್ಲಿನ ಪಕ್ಕದಲ್ಲಿ, ಗಾಡಿ ಗುರ್ ಗುರ್ ಎಂದು ಕೂಗುತ್ತ, ಇದ್ದ ಜಾಗದಿಂದ ಕದಲದಾಯಿತು. ಶರಣಮ್ಮ ನನ್ನ ಹೆಗಲು ಹಿಡಿದು ಜಾರಿ ಇಳಿದಳು. ಅವಳು ಇಳಿದದ್ದೇ ತಡ, ಆ ದ್ರೋಹಿ ಗಾಡಿ ಹೂವಿನಂತೆ ಹಗುರಾಗಿ ಮುಂದೆ ಸಾಗಿತು! ನಿಲ್ಲಿಸಿದರೆ ಮತ್ತೆ ಎಲ್ಲಿ ಏರುವುದಿಲ್ಲವೋ ಎಂದು ನಾನು ಗುಡ್ಡದ ತುದಿಯವರೆಗೆ ಹೋಗಿಬಿಟ್ಟೆ. ತಿರುಗಿ ನೋಡಿದರೆ ಅವಳು ಮೈಲುಗಲ್ಲಿನ ಮೇಲೆ ಕುಳಿತು ಫೋನ್ ಹಚ್ಚಿದ್ದಳು. ಹಿಂದೆ ಹೋಗಿ ಹತ್ತಿಸಿಕೊಳ್ಳೋಣವೆಂದರೆ ಅಲ್ಲಿ ಕಟ್ಟೆ ಇಲ್ಲ.

ಸ್ವಲ್ಪ ಹೊತ್ತಿಗೆ ಮಲ್ಲು ಊರಿನಿಂದ ಬಂದ. ಯಾವುದರ ಮೇಲೆ ಬಂದ ಎಂದು ಹೇಳಬೇಕೆ? ಸ್ಕೂಟಿಯ ಮೇಲೆ. ನನ್ನ ಪಕ್ಕದಲ್ಲಿ ಹಾದುಹೋಗುವಾಗ, "ಭಾವಾ, ಒಂಟಿಗಿ ಏನು ಕುಡಿಸೀರಿ?" ಎಂದು ಹಲ್ಲು ಕಿರಿದ. ಹೋದಷ್ಟೇ ವೇಗದಲ್ಲಿ ಅಕ್ಕನನ್ನು ಕೂರಿಸಿಕೊಂಡು ವಾಪಸು ಬಂದ. ಶರಣಮ್ಮ ನನ್ನ ಕಡೆ ನೋಡಲಿಲ್ಲ. ನಾನು ಮುಟ್ಟುವಷ್ಟರಲ್ಲಿ ಅವಳು ಬಸುರಿಗೆ ಉಡಿ ತುಂಬಿ, ಹೆಂಗಸರ ಮಧ್ಯೆ ಕುಳಿತು ಈ ಕಥೆ ಹೇಳುತ್ತಿದ್ದಳು. ಎಮ್ಮೆಗಳ ಭಾಗಕ್ಕೆ ಬಂದಾಗ ಬಸುರಿಯನ್ನು ಇಬ್ಬರು ಹಿಡಿದುಕೊಳ್ಳಬೇಕಾಯಿತು, ಅಷ್ಟು ನಕ್ಕಳು.

ಮನೆಗೆ ಬಂದ ಮೇಲೆ ತೀರ್ಪಿನ ದಿನ. ನಾನು ಸೋಲುವ ಮನುಷ್ಯನಲ್ಲ. "ಗಾಡಿ ಕೈ ಕೊಟ್ಟಿಲ್ಲ. ಇಂಜಿನ್ ಬಂದ್ ಬಿದ್ದಿತ್ತೇನು? ಓಡ್ತಿತ್ತು. ಇಳದಾಕಿ ನೀನು," ಎಂದು ವಾದ ಹೂಡಿದೆ. ಯಾವ ಕೋರ್ಟಿನಲ್ಲಾದರೂ ನಿಲ್ಲುವ ವಾದ ಅದು.

ಶರಣಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೌದ್ರಿ, ಸಪ್ಪಳ ಭಾಳ ಇತ್ತು, ಮುಂದ ಹೋಗೂದು ಇರಲಿಲ್ಲ. ಇಷ್ಟು ವರ್ಷ ನಿಮ್ ಸಂಗಾಟ ಸಂಸಾರ ಮಾಡೀನಿ, ನನಗೇನು ಅದು ಹೊಸಾದಲ್ಲ."

ಇದಕ್ಕೆ ಉತ್ತರವಾಗಿ ನಾನು ಅಂಗಳಕ್ಕೆ ಹೋಗಿ ಎಣ್ಣೆ ಇಳಿಸಿದೆ. ಭೀಮಶ್ಯಾ ಡಬ್ಬ ಹಿಡಿದು ಓಡಿ ಬಂದು ಪರಾತ ನೋಡಿದ, ಮುಖ ಸಣ್ಣ ಮಾಡಿದ. "ಕಾಕಾ, ಇದು ಕರ್ರಗೇ ಆಗಿಲ್ಲಲ್ಲ. ಇದ್ರಾಗ ದಮ್ ಇರಂಗಿಲ್ಲ, ನನಗ ಬ್ಯಾಡ," ಎಂದು ಖಾಲಿ ಡಬ್ಬದೊಂದಿಗೆ ಹೋದ. ಶಹಾಬಾದಿನ ಅತಿ ತುಟ್ಟಿ ಎಣ್ಣೆಯನ್ನು ಛತ್ತಿನ ತಗಡಿಗೂ ಬೇಡವೆಂದ ದಿನ ಅದು. ಖಾಜಾನ ಅಂಗಡಿಯಿಂದ ಬೈಕಿನ ಎಣ್ಣೆ ತಂದು ಹಾಕಿದೆ. ಅವನು ಕ್ಲಚ್ ಪ್ಲೇಟಿನ ಹೊಸ ಸೆಟ್ಟನ್ನೂ ನಾನು ಕೇಳದೆಯೇ ಮುಂದಿಟ್ಟಿದ್ದ, ಅದನ್ನೂ ಹಾಕಿಸಿದೆ. ಗಾಡಿ ಮತ್ತೆ ಖಣಿಯ ಏರುಗಳನ್ನು ಹುಲಿಯ ಹಾಗೆ ಹತ್ತತೊಡಗಿತು. ಆದರೂ ಕೊಟ್ಟ ಮಾತು ಕೊಟ್ಟದ್ದೇ. ಗಾಡಿಯನ್ನು ತೊಳೆದು, ಒರೆಸಿ, ಗಂಡನ ಮನೆಗೆ ಹೊರಟ ಮಗಳ ಹಾಗೆ ಅಂಗಳದಲ್ಲಿ ನಿಲ್ಲಿಸಿ, "ಮಾರ್ತೀನಿ. ನಾ ಮಾತಿಗಿ ತಪ್ಪಾವಲ್ಲ," ಎಂದೆ. ನನ್ನ ಧ್ವನಿ ಒಡೆದದ್ದು ಧೂಳಿನಿಂದ.

ಶರಣಮ್ಮ ಗಾಡಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಬ್ಯಾಡ್ರಿ. ಇದನ್ನ ಮಾರಿದ್ರ ನೀವು ನನ್ನ ಸ್ಕೂಟಿ ತಗೊಂಡು ಖಣ್ಯಾಗ ಇಳೀತೀರಿ. ಒಂಟಿ ನಿಮಗಿರಲಿ, ಸ್ಕೂಟಿ ನನಗಿರಲಿ."

ಅವಳ ಹೊಲಿಗೆ ಯಂತ್ರದ ದುಡಿಮೆಯಿಂದ ಚಿತ್ತಾಪುರದ ಟೀಚರೊಬ್ಬರ ಹಳೆಯ ಸ್ಕೂಟಿ ಮನೆಗೆ ಬಂತು. ಅದಕ್ಕೂ ಎಣ್ಣೆ ಬದಲಿಸಬೇಕಲ್ಲ, ಆ ಅಧಿಕಾರ ನನ್ನದೇ. ಅಟ್ಟದ ಮೇಲಿನ ಬಂಗಾರದ ಡಬ್ಬ ಇಳಿಸಿ, ಈ ಸಲ ಮಾತ್ರ, ದಾರಿಯಲ್ಲಿ ಸಿಕ್ಕನೆಂದು, ಖಾಜಾನಿಗೆ ತೋರಿಸಿದೆ. ಅವನು ಡಬ್ಬದ ಮೇಲಿನ ಗ್ರೇಡು ಓದಿ, "ಹಾಕ್ರಿ, ನಡೀತದ. ಸ್ಕೂಟಿಗಿ ಕ್ಲಚ್ ಬ್ಯಾರೆ, ಒಣ ಮನ್ಯಾಗ ಅದ. ಜಾರೂ ಎಣ್ಣಿ ಅದಕ್ಕ ಚಲೋನೇ," ಎಂದ.

ನೋಡಿದಿರಾ? ಎಣ್ಣೆ ಚಲೋ ಇದೆ ಎಂದು ನಾನು ಮೊದಲಿನಿಂದಲೂ ಹೇಳುತ್ತಿರಲಿಲ್ಲವೇ?

ಮೊನ್ನೆ ಮಲ್ಲುವಿನ ಹೆಂಡತಿ ಕೂಸಿನೊಂದಿಗೆ ಗಂಡನ ಮನೆಗೆ ಬಂದಳೆಂದು ನೋಡಲು ಹೊರಟೆವು. ಸ್ಕೂಟಿ ಹೊಡೆಯುವವಳು ಶರಣಮ್ಮ. ಹಿಂದೆ ಹೋಳಿಗೆಯ ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತವನು ನಾನು. ಹತ್ತಲು ಕಟ್ಟೆ ಬೇಕಾಗಲಿಲ್ಲ. ಅದೇ ಏರು ಬಂತು. ನನ್ನ ಎಣ್ಣೆ ಕುಡಿದ ಸ್ಕೂಟಿ ಇಬ್ಬರನ್ನೂ ಹೊತ್ತು ಒಂದೇ ಸಮನೆ ಏರಿತು, ಎಮ್ಮೆಗಳನ್ನು ಹಿಂದೆ ಹಾಕಿತು. ಆ ಮೈಲುಗಲ್ಲು ಹತ್ತಿರ ಬಂದಾಗ ನನಗೆ ತಡೆಯಲಾಗಲಿಲ್ಲ. ಮುಂದಕ್ಕೆ ಬಾಗಿ ಅವಳ ಕಿವಿಯಲ್ಲಿ, "ಹತ್ತಾಕತ್ತದ ನೋಡು! ಎಣ್ಣಿ ಯಾರ್ದು?" ಎಂದೆ.

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ಗಾಡಿ ನಡಸವರ ಸಂಗಾಟ ಮಾತಾಡಬಾರದು."

ನಿಯಮ ನನ್ನದೇ, ಮುರಿಯುವಂತಿಲ್ಲ. ಗುಡ್ಡ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡು ಕುಳಿತೆ. ಅಲ್ಲಿ ಹೇಳಲಾಗದೆ ಉಳಿದದ್ದನ್ನೇ ಇಲ್ಲಿ ಬರೆದಿದ್ದೇನೆ: ಎಣ್ಣೆ ನನ್ನದು.